ಬೆಕ್ಕುಗಳು ಒಪ್ಪಿದ ಗಾಡಿ

ಯಾಕೂಬಸಾಬರು ತೀರಿಕೊಂಡ ನಾಲ್ವತ್ತನೆಯ ದಿನ ಫಾತಿಹಾ ಓದಿಸಿ, ಓಣಿಯ ಜನರಿಗೆಲ್ಲ ಊಟ ಹಾಕಿ, ಊಟದ ಹಾಸು ದಸ್ತರಖಾನ ಮಡಿಚುವ ಹೊತ್ತಿಗೆ ಅವರ ಹೆಂಡತಿ ಹಜರತಬಿಗೆ ಗೊತ್ತಾಯಿತು, ಮಗ ಗಾಡಿಯನ್ನು ಮಾರಿಬಿಟ್ಟಿದ್ದಾನೆ ಎಂದು.

ಹೇಳಿದವಳು ಪಕ್ಕದ ಮನೆಯ ನೇಕಾರರ ಸಿದ್ದಲಿಂಗವ್ವ. ಅವಳು ಈ ಮನೆಯಲ್ಲಿ ಊಟ ಮಾಡುವವಳಲ್ಲ. ಆದರೂ ಬೆಳಗಿನಿಂದ ಬಂದು ಹಜರತಬಿಯ ಮಗ್ಗುಲಲ್ಲಿ ಕೂತಿದ್ದಳು.

"ಅಕ್ಕಾ, ಹುನಗುಂದದಾವ್ರು ತಮ್ಮ ಎತ್ತು ಹೂಡಿ ಗಾಡಿ ಹೊಡಕೊಂಡು ಹೋದ್ರಲ್ಲ, ನಿಮಗ ಹೇಳ್ಯಾರ ಇಲ್ಲೋ?"

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟಬಾರದು, ಪರಗಂಡಸರ ಎದುರಿಗೆ ಬರಬಾರದು. ಅದು ಇದ್ದತ್ತಿನ ಕಟ್ಟು. ಐದು ಹೊತ್ತಿನ ನಮಾಜು ತಪ್ಪಿಸದ ಹಜರತಬಿ ಆ ಕಟ್ಟನ್ನು ಮೀರುವವಳಲ್ಲ. ಅವಳು ಒಳಗೆ ಕೂತಿದ್ದಾಗ ಹೊರಗೆ ಏನಾಯಿತೆಂದು ನೋಡುವುದಾದರೂ ಹೇಗೆ?

ಇಪ್ಪತ್ತೆಂಟು ವರ್ಷ ಆ ಗಾಡಿಯೇ ಅವಳ ಮನೆಯಾಗಿತ್ತು. ಇಳಕಲ್ಲಿನಲ್ಲಿ ಸೀರೆಯ ಗಂಟು ಕಟ್ಟಿಕೊಂಡು ಗಂಡಹೆಂಡತಿ ಹೊರಟರೆ ಹುನಗುಂದ, ಬಾಗಲಕೋಟೆ, ಕಲಾದಗಿ, ಕೆರೂರ, ಬಾದಾಮಿ ಮುಟ್ಟಿ ತಿರುಗಿ ಬರುವುದು ಮಳೆಗಾಲಕ್ಕೇ. ಊರೂರಿನ ಸಂತೆ, ಊರೂರಿನ ಗೌಡರ ಮನೆಯ ಕಟ್ಟೆ. ಮಗನನ್ನು ಹಡೆದದ್ದು ಇಳಕಲ್ಲಿನ ಮನೆಯಲ್ಲಿ. ಅವನು ನಡೆಯಲು ಕಲಿತದ್ದು ಮಾತ್ರ ಕಲಾದಗಿಯ ಹೊಳೆದಂಡೆಯಲ್ಲಿ, ಗಾಡಿಯ ಗಾಲಿ ಹಿಡಿದುಕೊಂಡು. ನಾಲ್ಕು ವರ್ಷದ ಹಿಂದೆ ಪ್ಲೇಗು ಬಂದು ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿದಾಗಲೂ ಅವರಿಬ್ಬರು ಗಾಡಿಯಲ್ಲೇ ಇದ್ದು, ದೇವರ ದಯದಿಂದ ಉಳಿದು ಬಂದಿದ್ದರು.

ಅಂದು ಸಂಜೆ ಜೋಳದ ರೊಟ್ಟಿ, ಪುಂಡಿಪಲ್ಯ. ಸೊಸೆ ಮಲಿಕಾ ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು ಬಡಿಸುತ್ತಿದ್ದಳು. ಅಬ್ದುಲಸಾಬ ಮೊದಲ ತುತ್ತು ಮುರಿಯುವ ಮೊದಲೇ ತಾಯಿ ಕೇಳಿದಳು.

"ಗಾಡಿ ಎಲ್ಲೈತಿ?"

"ಮಾರೇನಿ."

"ಯಾರನ್ನ ಕೇಳಿ?"

"ಅಬ್ಬಾನ ಇಲ್ಲ, ಇನ್ನ ಗಾಡಿ ಇಟ್ಕೊಂಡು ಏನ್ ಮಾಡೂದಮ್ಮಾ? ಬಾಗಲಕೋಟಿಗೆ ರೈಲು ಬಂದು ಎಷ್ಟ ವರ್ಷ ಆತು. ಗಂಟ ಕಟ್ಟಿ ರೈಲಿಗೆ ಹಾಕಿದ್ರ ಸೀರಿ ತಾವ ಸೊಲ್ಲಾಪುರ ಮುಟ್ಟತಾವ. ಎತ್ತಿನ ಬಾಲ ಹಿಡದು ತಿರಗೂ ಕಾಲ ಮುಗೀತು."

"ರೈಲು ಚೊಳಚಗುಡ್ಡದಾಗ ಮನಿಮನಿ ಕಟ್ಟಿಗೆ ಬಂದು ನಿಂದರತೈತೇನು? ಹೆಣ್ಣಮಕ್ಕಳು ಸೆರಗ ಬಿಚ್ಚಿ ನೋಡತಾರ, ಬಣ್ಣ ಆರಸ್ತಾರ, ಅತ್ತಿನ್ನ ಕೇಳಿ ಹೇಳ್ತೇನಿ, ನಾಳಿ ಬಾ ಅಂತಾರ. ನಾಳಿ ಬಾ ಅಂದ್ರ ನಿನ್ನ ರೈಲು ಬರತೈತೇನು?"

ಮಲಿಕಾಗೆ ನಗೆ ಬಂತು. ಗಂಡನ ಮುಖ ನೋಡಿ ನಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಇದ್ದತ್ತು ಮುಗೀಲಿ. ಬ್ಯಾರೆ ಗಾಡಿ ತಗೊಂಡು ನಾ ಹೋಗ್ತೇನಿ. ಬೆಕ್ಕೂ ನನ್ನ ಕೂಡ ಬರ್ತಾವ" ಎಂದಳು ಹಜರತಬಿ.

"ಬೆಕ್ಕು! ಅಮ್ಮಾ, ನಿನಗ ತಲಿ ಕೆಟ್ಟೈತಿ."

"ತಲಿ ನೆಟ್ಟಗೈತಿ. ಗಾಡಿ ಹೋತು, ಹೋಗ್ಲಿ. ಎತ್ತಿನ ಹಗ್ಗಕ್ಕ ಕೈ ಹಚ್ಚಿದಿ ಅಂದ್ರ ಮಾತ್ರ ನೋಡು ಮತ್ತ."

ಬೆಕ್ಕುಗಳು ಮೂರು. ಕಿವಿ ಹರಿದ ಮುದಿ ಗಂಡುಬೆಕ್ಕು ಸುಬೇದಾರ, ಬೂದುಬಣ್ಣದ ಬೂದಿ, ಅವಳ ಮಗಳು ರೇಶ್ಮಿ. ಯಾಕೂಬಸಾಬರು ಅವನ್ನು ಚೆಂದಕ್ಕೆ ಸಾಕಿದ್ದಲ್ಲ. ಸೀರೆಗೆ ಹಾಕುವ ಗಂಜಿಯ ವಾಸನೆ ಇಲಿಗಳಿಗೆ ಹೋಳಿಗೆಯ ವಾಸನೆ ಇದ್ದ ಹಾಗೆ. ಒಮ್ಮೆ ಕೆರೂರಿನ ಚಾವಡಿಯಲ್ಲಿ ಇಳಿದಾಗ ಹನ್ನೊಂದು ಸೀರೆಯ ಸೆರಗನ್ನು ಇಲಿಗಳು ಜಾಳಿಗೆ ಮಾಡಿಟ್ಟವು. ಅಂದಿನಿಂದ ಬೆಕ್ಕಿಲ್ಲದೆ ಅವರು ಗಾಡಿ ಕಟ್ಟಿದ್ದಿಲ್ಲ. ಬರಬರುತ್ತ ತಮ್ಮ ತಟ್ಟೆಯ ಹಾಲನ್ನ ಅರ್ಧ ಅವಕ್ಕಿಟ್ಟು ಉಣ್ಣುವುದೇ ಅವರ ಪದ್ಧತಿಯಾಗಿತ್ತು. ಸತ್ತ ದಿನವೂ ಸುಬೇದಾರ ಅವರ ಚಾದರದ ಮೇಲೆ ಮಲಗಿದ್ದವನು ಏಳಲಿಲ್ಲ. ಎಬ್ಬಿಸಲು ನಾಲ್ಕು ಮಂದಿ ಬೇಕಾಯಿತು.

ಮರುವಾರದಿಂದ ಹಜರತಬಿ ಗಾಡಿ ನೋಡತೊಡಗಿದಳು. ಹೊರಗೆ ಹೋಗುವ ಹಾಗಿಲ್ಲ. ಆದ್ದರಿಂದ ಗಾಡಿಗಳೇ ಅವಳ ಬಾಗಿಲಿಗೆ ಬರಬೇಕಾಯಿತು. ಸಿದ್ದಲಿಂಗವ್ವ ಹೇಳಿ ಕಳಿಸುವಳು. ಹುನಗುಂದದ ಬಡಿಗರ ಯಮನಪ್ಪ ಗಾಡಿ ತಂದು ನಿಲ್ಲಿಸುವನು. ಹಜರತಬಿ ಪರದೆಯ ಹಿಂದೆ ಕೂತು ಒಂದು ಬೆಕ್ಕನ್ನು ಹೊರಗೆ ಬಿಡುವಳು. ಓಣಿಯ ಹುಡುಗಿಯರು ಕಟ್ಟೆಯ ಮೇಲೆ ಸಾಲಾಗಿ ಕೂಡುವರು.

"ಹಜರತಬಿ ಬೆಕ್ಕಿಗೆ ವರಾ ನೋಡಾಕತ್ತಾಳ" ಎಂದು ನಗುವರು.

ಮೊದಲು ಬಂದದ್ದು ಟಾಂಗಾ. ಸುಬೇದಾರ ಹೊರಗೆ ಹೋಗಿ ಕುದುರೆಯ ಕಾಲಿನ ನಡುವೆ ಕೂತು ಮೈ ನೆಕ್ಕಿಕೊಳ್ಳತೊಡಗಿದ. ಕುದುರೆ ಬೆದರಿ ಹಿಂದೆ ಸರಿದು ಟಾಂಗಾವನ್ನು ಗಟಾರಕ್ಕೆ ಇಳಿಸಿತು. ಟಾಂಗಾದವನು ಸತ್ತವರನ್ನೂ ಇದ್ದವರನ್ನೂ ಕೂಡಿಯೇ ಬೈದು ಹೋದ.

ಎರಡನೆಯದು ಕೆರೂರಿನ ಒಬ್ಬ ವ್ಯಾಪಾರಿಯ ಚಕ್ಕಡಿ. ಗಟ್ಟಿಯಾಗಿತ್ತು, ಅಗ್ಗವೂ ಆಗಿತ್ತು. ರೇಶ್ಮಿ ಅದರೊಳಗೆ ಹಾರಿ ಒಂದು ಸುತ್ತು ಮೂಸಿ ನೋಡಿ ಏಳು ಸಲ ಸೀನಿತು. ಎಂಟು ವರ್ಷ ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಹೇರಿದ್ದರಂತೆ. ಯಮನಪ್ಪ ತೊಳೆಸಿ ಕೊಡುತ್ತೇನೆಂದ.

"ಘಟಪ್ರಭಾದಾಗ ಆರ ತಿಂಗಳ ಮುಳಗಿಸಿ ಇಟ್ರೂ ಅದು ಹೋಗಂಗಿಲ್ಲ, ತಗೊಂಡು ಹೋಗಪ್ಪ" ಎಂದಳು ಹಜರತಬಿ ಪರದೆಯ ಒಳಗಿನಿಂದ.

ಮೂರನೆಯದು ಅಬ್ದುಲಸಾಬನೇ ಹೇಳಿ ತರಿಸಿದ ಸವಾರಿ ಗಾಡಿ. ತಾಯಿ ಹಟ ಬಿಡದಿದ್ದರೆ ವರ್ಷಕ್ಕೊಮ್ಮೆ ಬಾದಾಮಿಯ ತವರಿಗೆ ಹೋಗಿ ಬರಲಿ, ಅಷ್ಟರಲ್ಲಿ ಸಮಾಧಾನವಾದೀತು ಎಂಬುದು ಅವನ ಲೆಕ್ಕ. ಕಮಾನಿಗೆ ಹಿತ್ತಾಳೆಯ ಗೆಜ್ಜೆ, ಕೂಡಲು ಮೆತ್ತೆ. ಸಿದ್ದಲಿಂಗವ್ವ ನೂಲಿನ ಎಳೆ ಹಿಡಿದು ಅಳೆದು ಬಂದು ಹೇಳಿದಳು.

"ಉದ್ದ ಮೂರ ಮಳ ಮ್ಯಾಲ ಒಂದ ಗೇಣು ಅಕ್ಕಾ. ಕಾಲ ಮಡಚಿ ಮಲಗಬೇಕು. ನೆಲಕ್ಕ ಬಿದರಿನ ಹೆಣಿಗಿ. ಬೆಕ್ಕಿನ ಕಾಲ ಸಂದ್ಯಾಗ ಇಳದಾವ."

"ಇದು ಮದಿವಿಗೆ ಹೋಗೂ ಗಾಡಿ. ನಾ ಬದಕಾಕ ಹೊಂಟೇನಿ."

ಯಮನಪ್ಪ ಬಾಗಿಲ ಹೊರಗೆ ಕೂತು ರುಮಾಲಿನಿಂದ ಮುಖ ಒರೆಸಿಕೊಂಡ. "ಬೀಬಿಯವರ, ನನ್ನ ಕಡೆ ಇನ್ನ ತೋರಸಾಕ ಗಾಡಿ ಉಳದಿಲ್ಲರಿ. ಬೆಕ್ಕಿಗೆ ಗಾಡಿ ಮಾಡೂದು ನಮ್ಮಪ್ಪಗೂ ಗೊತ್ತಿದ್ದಿಲ್ಲ. ನೀವ ಹೇಳ್ರಿ, ನಾ ಮಾಡ್ತೇನಿ."

ಹಜರತಬಿ ಹೇಳಿದಳು. ನೆಲಕ್ಕೆ ಸಂದಿಲ್ಲದ ಹಲಗೆ. ಉದ್ದ ನಾಲ್ಕು ಮೊಳ. ಕಮಾನು ಹಿಂದಕ್ಕೆ ತಗ್ಗಿರಬೇಕು, ಇಲ್ಲದಿದ್ದರೆ ಮಳೆ ಹೊಡೆದು ಸೀರೆ ತೊಯ್ಯುತ್ತವೆ. ಅಚ್ಚು ಕಬ್ಬಿಣದ್ದು. ಕಟ್ಟಿಗೆಯ ಅಚ್ಚು ಕೀರಿದರೆ ಬೆಕ್ಕು ದಾರಿಯಲ್ಲೇ ಹಾರಿ ಹೋಗುತ್ತವೆ. ಎಡಮಗ್ಗುಲ ಹಲಗೆಗೆ ಬೆಕ್ಕು ಹಾಯುವಷ್ಟು ಒಂದು ಕಿಂಡಿ.

"ಕೋಳಿ ಬುಟ್ಟಿ ಕಟ್ಟಿದಂಗ ಗಾಡಿ ಬುಡಕ ಒಂದ ಗೂಡು ಕಟ್ಲೇನ್ರಿ? ಬೆಕ್ಕು ಅದರಾಗ ಕೂಡತಾವ."

"ಬ್ಯಾಡಪ್ಪ. ಬೆಕ್ಕನ್ನ ಕಟ್ಟಿ ಹಾಕಿ ಉಪವಾಸ ಕೊಂದ ಹೆಂಗಸು ನರಕಕ್ಕ ಹೋದ್ಲಂತ ನಮ್ಮ ಮುಲ್ಲಾಸಾಬರು ಹೇಳ್ಯಾರ. ಬರಬೇಕಂದ್ರ ತಾವ ಬರ್ಲಿ."

ತನ್ನ ಬೆಳ್ಳಿಯ ಕಾಲ್ಗಡಗ ಎರಡನ್ನೂ ಬಿಚ್ಚಿ ಸಿದ್ದಲಿಂಗವ್ವನ ಕೈಯಿಂದ ಅವನಿಗೆ ಕೊಡಿಸಿದಳು.

ಗಾಡಿ ಬಂದಾಗ ಇದ್ದತ್ತಿನಲ್ಲಿ ಇನ್ನೂ ಒಂದು ತಿಂಗಳ ಮೇಲೆ ಉಳಿದಿತ್ತು. ಹೊಸ ತೇಗಿನ ವಾಸನೆಗೆ ಬೆಕ್ಕುಗಳು ಹತ್ತಿರ ಸುಳಿಯಲಿಲ್ಲ. ಅಬ್ದುಲಸಾಬನಿಗೆ ಅದನ್ನು ನೋಡಿ ಖುಷಿಯಾಯಿತು.

"ನೋಡಮ್ಮಾ, ಬೆಕ್ಕಿಗೆ ಮನಿ ಮ್ಯಾಲ ಮಾಯೆ. ನೀ ಹೊಂಟ್ರ ಹುನಗುಂದ ಮುಟ್ಟೂದ್ರಾಗ ಹೊಳ್ಳಿ ಬಂದು ಒಲಿ ಮುಂದ ಮಲಗಿರ್ತಾವ."

"ಹಂಗಾರ ಗಾಡೀನ ಮನಿ ಮಾಡ್ತೇನಿ" ಎಂದಳು ತಾಯಿ.

ಗಾಡಿಯನ್ನು ಅಂಗಳದೊಳಗೆ ಎಳೆಸಿ, ಗಂಡನ ಹಳೆಯ ಕಂಬಳಿಯನ್ನು ಹಾಸಿ, ಅಂದಿನಿಂದಲೇ ಅದರಲ್ಲಿ ಮಲಗತೊಡಗಿದಳು. ಹಾಲನ್ನದ ತಟ್ಟೆಯೂ ಅಲ್ಲಿಗೇ ಹೋಯಿತು. ಮೂರನೆಯ ದಿನ ಸುಬೇದಾರ ಹತ್ತಿದ. ವಾರ ಕಳೆಯುವುದರೊಳಗೆ ಉಳಿದೆರಡೂ ಕಿಂಡಿಯಲ್ಲಿ ಹಾಯ್ದು ಒಳಗೆ ಹೊರಗೆ ಆಡತೊಡಗಿದವು. ಹಜರತಬಿ ನಸುಕಿನ ಫಜರಿನ ನಮಾಜು ಮುಗಿಸಿ ಗಾಡಿಯ ಪರದೆ ಸರಿಸಿದರೆ ಮೂರೂ ಮುಖ ಒಮ್ಮೆಲೇ ಅವಳನ್ನು ನೋಡುವವು.

ಓಣಿಯಲ್ಲಿ ಸುದ್ದಿಯಾಯಿತು. ಬಾದಾಮಿಗೂ ಮುಟ್ಟಿತು. ಹಜರತಬಿಯ ತಮ್ಮ ಬಂದೇನವಾಜ ರೈಲು ಹತ್ತಿ, ಗಾಡಿ ಹಿಡಿದು, ಎರಡು ದಿನದ ಹಾದಿ ಸವೆಸಿ ಬಂದ. ಕೈಕಾಲು ತೊಳೆಯುವ ಮೊದಲೇ ಅಂಗಳದಲ್ಲಿ ನಿಂತು ಕೂಗಿದ.

"ಆಪಾ! ಇದ್ದತ್ತಿನಾಗ ಕೂತ ಹೆಂಗಸು ಗಾಡಿ ಹತ್ತಿದ್ದು ಯಾವ ಊರಾಗ ಕೇಳಿ? ಧರ್ಮ ಐತೋ ಇಲ್ಲೋ ನಿನಗ?"

"ಗಾಲಿ ಉರುಳಿದ್ರ ಅದು ಗಾಡಿ. ಉರುಳೂತನಕ ಅದು ಮಂಚ. ಮಂಚದ ಮ್ಯಾಲ ಮಲಗಬಾರದಂತ ಯಾರು ಹೇಳ್ಯಾರ?"

"ಖಾಜಿಸಾಬರನ್ನ ಕೇಳ್ತೇನಿ."

"ಕೇಳು. ಈಗ ಕೇಳು. ಶರಬತ್ತು ಕುಡದು ಹೋಗಿ ಕೇಳು."

ಅವನು ಹೋಗಿ ಕೇಳಿದ. ಖಾಜಿಗಳು ಮುದುಕರು. ಗಾಡಿ ಗೋಡೆಯ ಒಳಗಿದೆಯೋ ಹೊರಗಿದೆಯೋ ಎಂದು ಕೇಳಿ, ಒಳಗಿದೆ ಎಂದಾಗ, ಗೋಡೆಯ ಒಳಗಿದ್ದದ್ದೆಲ್ಲ ಮನೆಯೇ ಎಂದು ಹೇಳಿ ಕಳಿಸಿದರು. ಬಂದೇನವಾಜ ತಿರುಗಿ ಬಂದವನು ಅಕ್ಕನ ಮುಖ ನೋಡದೆ ಸೋದರಳಿಯ ಅಬ್ದುಲಸಾಬನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಹೇಳಿದ.

"ಗಾಡಿ ಅಲ್ಲಲೇ, ನಿಮ್ಮಮ್ಮನ ಜೀವ ಇರೂದು ಬೆಕ್ಕಿನಾಗ. ಅವು ಇಲ್ಲಂದ್ರ ಆಕಿ ಎಲ್ಲಿಗಿ ಹೋಗ್ತಾಳ?"

ಬಂದೇನವಾಜ ಬಾದಾಮಿಗೆ ಮರಳಿದ ಮೇಲೆ ಅಬ್ದುಲಸಾಬ ವಾರದ ಮೇಲೆ ಸುಮ್ಮನಿದ್ದ. ಅವನು ಕೆಟ್ಟವನಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟವನು. ಸೀರೆ ಕೊಳ್ಳಲು ಬಂದವರು ದರ ಕೇಳುವ ಮೊದಲು, ನಿಮ್ಮ ತಾಯಿ ಗಾಡಿಯಲ್ಲಿ ಮಲಗುತ್ತಾರಂತಲ್ಲ ಎಂದು ಕೇಳುತ್ತಿದ್ದರು. ಇದ್ದತ್ತಿಗೆ ಹನ್ನೊಂದು ದಿನ ಉಳಿದಿತ್ತು. ಅಂದು ಮಧ್ಯಾಹ್ನ ತಾಯಿ ಒಳಗೆ ನಮಾಜಿಗೆ ನಿಂತಾಗ ಅವನು ಬೆಕ್ಕುಗಳನ್ನು ಗೋಣಿಚೀಲದಲ್ಲಿ ತುಂಬಿ, ಹಳ್ಳ ದಾಟಿಸಿ ಬಿಟ್ಟುಬಂದ. ನೀರು ದಾಟಿಸಿದ ಬೆಕ್ಕು ದಾರಿ ಮರೆಯುತ್ತದೆ ಎಂಬ ನಂಬಿಕೆ ಆ ಕಡೆ ಎಲ್ಲರಿಗೂ ಉಂಟು.

ಹಜರತಬಿ ಬಂದು ನೋಡಿದಳು. ಕಂಬಳಿ ಚೆದುರಿತ್ತು, ಹಾಲಿನ ತಟ್ಟೆ ಕವುಚಿ ಬಿದ್ದಿತ್ತು. ಬಾಗಿಲವರೆಗೆ ಬಂದಳು. ಬಲಗಾಲು ಹೊಸ್ತಿಲ ಮೇಲೆ ಇಟ್ಟಳು. ಹಾಗೆಯೇ ನಿಂತಳು. ಆಮೇಲೆ ಕಾಲು ಹಿಂದೆ ತೆಗೆದಳು.

ಮಲಿಕಾ ಒಲೆಯ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಹಾಲು ಕದ್ದು ಕುಡಿಯುತ್ತವೆ, ತೊಟ್ಟಿಲಲ್ಲಿ ಮಲಗುತ್ತವೆ ಎಂದು ಮದುವೆಯಾಗಿ ಬಂದ ದಿನದಿಂದ ಬೆಕ್ಕುಗಳನ್ನು ಬೈದವಳು ಅವಳೇ. ಕೈಯ ಹಿಟ್ಟು ಒರೆಸಿಕೊಂಡು ಎದ್ದಳು.

"ಅತ್ತೀ, ಹಳ್ಳದಾಚಿ ಬಿಟ್ಟಾರ. ಚೀಲ ಒಯ್ಯೂದು ನಾ ನೋಡೇನಿ."

"ನೋಡಿ ಸುಮ್ಮನಿದ್ದಿ?"

"ಸುಮ್ಮನಿದ್ದೆ. ತಪ್ಪಾತು. ಕೂಸಿನ್ನ ಹಿಡೀರಿ, ನಾ ಹೋಗಿ ಬರ್ತೇನಿ."

"ನಿನ್ನ ಗಂಡ?"

"ಅವರು ಅಂಗಡ್ಯಾಗ ಅದಾರ. ಬೈದ್ರ ಬೈಲಿ."

ಬುರ್ಖಾ ಹಾಕಿಕೊಂಡು, ಸಿದ್ದಲಿಂಗವ್ವನನ್ನು ಕರೆದುಕೊಂಡು, ಕೈಯಲ್ಲಿ ಒಣಮೀನಿನ ಪೊಟ್ಟಣ ಹಿಡಿದು ಅವಳು ಹೋದಳು. ಸಂಜೆ ಮಗರಿಬ್ಬಿನ ಬಾಂಗು ಆಗುವ ಹೊತ್ತಿಗೆ ಇಬ್ಬರೂ ತಿರುಗಿ ಬಂದರು. ಮಲಿಕಾಳ ಬುರ್ಖಾದ ಒಳಗೆ ಬೂದಿ, ಸಿದ್ದಲಿಂಗವ್ವನ ಸೆರಗಿನೊಳಗೆ ರೇಶ್ಮಿ. ಇಬ್ಬರ ಕೈಯೂ ಪರಚಿ ಕೆಂಪಾಗಿತ್ತು.

"ಸುಬೇದಾರ ಸಿಗಲಿಲ್ಲ ಅತ್ತೀ. ಭಾಳ ಕೂಗಿದ್ವಿ. ದನಾ ಕಾಯೂ ಯಾರೋ ಹೇಳಿದ್ರು, ಕಿವಿ ಹರದ ಬೆಕ್ಕು ಕೆರಿ ಕಡೆ ಓಡತಂತ."

ಗಂಡ ಸತ್ತಾಗ ಸಹ ಸದ್ದು ಮಾಡಿ ಅಳದ ಹಜರತಬಿ ಅಂದು ಗಾಡಿಯ ಗಾಲಿ ಹಿಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ನಮಾಜು ಮಾಡಿ, ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದಳು.

ಅಬ್ದುಲಸಾಬ ಅಂಗಡಿಯಿಂದ ಬಂದು ಹೊಗೆ ನೋಡಿದ. "ಇದೇನಮ್ಮಾ?"

"ನನ್ನ ಅಡಿಗಿ. ಇವತ್ತಿನಿಂದ ನಿನ್ನ ಒಲೀದು ನಾ ಉಣ್ಣಂಗಿಲ್ಲ."

"ಒಂದ ಬೆಕ್ಕಿನ ಸಲುವಾಗಿ?"

"ನಿಮ್ಮ ಅಬ್ಬಾ ಅದಕ್ಕ ಕೈಯಾರ ಉಣಸ್ಯಾರ. ನೀ ಅದನ್ನ ಚೀಲದಾಗ ತುಂಬಿದಿ. ಬೆಕ್ಕಂತ ಅನಬ್ಯಾಡ."

"ಓಣ್ಯಾವ್ರಿಗೆ ಹೊಗಿ ಕಾಣತೈತಿ. ತಾಯಿ ಬ್ಯಾರೆ ಅಡಿಗಿ ಮಾಡ್ಕೋತಾಳ ಅಂತಾರ."

"ಖರೆ ಮಾತ ಅಂತಾರ. ಅನ್ನಲಿ ಬಿಡು."

ಹನ್ನೊಂದು ದಿನ ಹಾಗೆಯೇ ನಡೆಯಿತು. ಅಬ್ದುಲಸಾಬ ಒಂದು ದಿನ ಮಾಂಸ ತಂದ, ಒಂದು ದಿನ ಖರ್ಜೂರ ತಂದ. ತಾಯಿ ಮುಟ್ಟಲಿಲ್ಲ. ಎರಡು ಸಂಜೆ ಅವನೇ ಕೆರೆಯ ದಂಡೆಗೆ ಹೋಗಿ ಕತ್ತಲಾಗುವವರೆಗೆ ಸುಬೇದಾರನನ್ನು ಕೂಗಿ ಬಂದ. ಮನೆಯಲ್ಲಿ ಹೇಳಲಿಲ್ಲ, ಆದರೆ ಅವನ ಧೋತರದ ಅಂಚಿಗೆ ಹತ್ತಿದ ಕೆರೆಯ ರಾಡಿಯನ್ನು ಒಗೆದವಳು ಮಲಿಕಾ. ಬೆಕ್ಕು ಬರಲಿಲ್ಲ.

ಇದ್ದತ್ತು ಮುಗಿದ ದಿನ ಹಜರತಬಿ ಮಿಂದು, ನಮಾಜು ಮಾಡಿ, ಎರಡು ರಕಾತು ಹೆಚ್ಚಿಗೆ ಓದಿ, ಗಂಡನ ಹೆಸರಿನಲ್ಲಿ ಓಣಿಗೆಲ್ಲ ಸಿಹಿ ಮಾಲಿದಿ ಹಂಚಿಸಿದಳು. ಯಾಕೂಬಸಾಬರು ಉಳಿಸಿಹೋದ ಎರಡು ಗಂಟು ಸೀರೆಯನ್ನು ಗಾಡಿಯಲ್ಲಿ ಇಡಿಸಿದಳು. ಸಿದ್ದಲಿಂಗವ್ವ ತನ್ನ ಮನೆಯಲ್ಲಿ ನೇಯ್ದ ನಾಲ್ಕು ಸೀರೆ ತಂದು ಮೇಲಿಟ್ಟಳು.

"ಕಲಾದಗ್ಯಾಗ ಮಾರ್ರಿ ಅಕ್ಕಾ. ನಮ್ಮವ್ವನ ಊರು. ಇಳಕಲ್ಲ ಸಿದ್ದಲಿಂಗಿ ಮನ್ಯಾಂದು ಅನ್ರಿ."

ಅಕ್ಕನನ್ನು ತವರಿಗೆ ಕರೆದೊಯ್ಯಲು ಶಾಲು ಹಿಡಿದು ಬಂದಿದ್ದ ಬಂದೇನವಾಜ ಶಾಲನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡು ನಿಂತ. ಗಾಡಿ ಬಾಗಿಲ ಹೊರಗೆ ಬಂತು. ಓಣಿಯೆಲ್ಲ ನೆರೆಯಿತು. ಅಬ್ದುಲಸಾಬ ನೊಗದ ಮುಂದೆ ಬಂದು ಕೈ ಅಗಲಿಸಿ ನಿಂತುಬಿಟ್ಟ.

"ಗಾಡಿ ಯಾರು ಹೊಡೀತಾರ? ಅದನ್ನರ ಹೇಳು. ಪರಗಂಡಸನ್ನ ಆಳಿಟ್ಕೊಂಡು ಊರೂರ ತಿರಗತೀಯೇನು?"

"ನಾನ ಹೊಡೀತೇನಿ."

ಕಟ್ಟೆಯ ಮೇಲಿದ್ದವರು ಘೊಳ್ಳೆಂದು ನಕ್ಕರು. ಹಜರತಬಿ ಅವರ ನಗೆ ಮುಗಿಯುವವರೆಗೆ ಕಾದಳು.

"ನಗ್ರಿ. ಈಗ ಕೇಳ್ರಿ. ಇವರಪ್ಪನ ಕಣ್ಣು ಎರಡ ವರ್ಷದ ಹಿಂದ ಹೋಗಿದ್ವು. ಎತ್ತಿನ ಕೋಡು ಸುದ್ದಾ ಕಾಣತಿದ್ದಿಲ್ಲ. ಹಾದಿತುಂಬ ಗಾಡಿ ಹೊಡದಾಕಿ ನಾನು. ಊರು ಬಂತಂದ್ರ ಹಗ್ಗ ಅವರ ಕೈಯಾಗ ಕೊಟ್ಟು ಹಿಂದ ಸರಿತಿದ್ದೆ. ಸೀರಿ ಬಣ್ಣ ಹಿಂದ ಕೂತು ಸಣ್ಣಗ ಹೇಳತಿದ್ದೆ, ಅವರು ದೊಡ್ಡಾಗಿ ಹೇಳತಿದ್ರು. ಯಾರಿಗೂ ತಿಳೀಲಿಲ್ಲ. ಅವರಿಗೆ ಮಾನ ದೊಡ್ಡದಿತ್ತು, ನಾ ಬಾಯಿ ಮುಚ್ಚಿದ್ದೆ. ಈಗ ಅವರ ಮಾನ ದೇವರ ಹತ್ರ ಭದ್ರ ಐತಿ. ನನ್ನ ಮಾನ ನಾ ನೋಡ್ಕೋತೇನಿ."

ಅಬ್ದುಲಸಾಬನ ಕೈಗಳು ಕೆಳಗಿಳಿದವು.

"ನನಗೂ ಹೇಳಲಿಲ್ಲ, ಅಮ್ಮಾ."

"ನಿನಗಂತೂ ಹೇಳಬ್ಯಾಡ ಅಂದಿದ್ರಪ್ಪ. ಮಗಾ ಕರಕೊಂಡು ಬಂದು ಮೂಲ್ಯಾಗ ಕೂಡಸ್ತಾನ ಅಂತಿದ್ರು."

ಅವನು ಗಾಡಿಯ ಹತ್ತಿರ ಸರಿದು ಸಣ್ಣ ದನಿಯಲ್ಲಿ, ತಾಯಿಗಷ್ಟೇ ಕೇಳುವ ಹಾಗೆ ಹೇಳಿದ. "ಹೆತ್ತ ತಾಯಿಗೆ ಒಂದ ತುತ್ತು ಹಾಕಲಿಲ್ಲ ಅಂತಾರ ಮಂದಿ."

"ಹಂಗಾರ ಬುತ್ತಿ ಕಟ್ಟಸು. ಇವತ್ತ ಉಣ್ತೇನಿ."

ಮಲಿಕಾ ಆಗಲೇ ಬುತ್ತಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಟಿ ರೊಟ್ಟಿ, ಶೇಂಗಾಹಿಂಡಿ, ಇನ್ನೊಂದು ಬಟ್ಟೆಯಲ್ಲಿ ಬೆಕ್ಕುಗಳಿಗೆಂದು ಒಣಮೀನು. ಗಂಟನ್ನು ಅತ್ತೆಯ ಮಡಿಲಿಗೆ ಹಾಕಿ ಕಾಲು ಮುಟ್ಟಿದಳು.

"ಮಳಿಗಾಲಕ್ಕ ಬರ್ರಿ ಅತ್ತೀ."

"ಬರ್ತೇನಿ. ಕೂಸು ಗಾಲಿ ಹಿಡದು ನಿಂದರೂ ಹೊತ್ತಿಗೆ ಬರ್ತೇನಿ." ಆಮೇಲೆ ಮಗನ ಕಡೆ ತಿರುಗಿದಳು. "ನಿಂತು ಏನ್ ನೋಡತಿ? ನೊಗಾ ಎತ್ತು. ಅದೊಂದು ನನ್ನ ಕೈಲೆ ಆಗಂಗಿಲ್ಲ."

ಅಬ್ದುಲಸಾಬ ನೊಗ ಎತ್ತಿ ಎತ್ತುಗಳ ಹೆಗಲಿಗೆ ಇಟ್ಟು ಕಣ್ಣಿ ಬಿಗಿದ. ಹಗ್ಗವನ್ನು ತಾಯಿಯ ಕೈಗೆ ಕೊಟ್ಟ.

ಗಾಡಿ ಊರು ದಾಟಿತು. ಬಿಸಿಲೇರುವವರೆಗೆ ಹಾದಿಯಲ್ಲಿ ಎದುರಿಗೆ ಬಂದವರು ಕೆಲವರೇ. ಬೂದಿ ಸೀರೆಯ ಗಂಟಿನ ಮೇಲೆ ಮಲಗಿತ್ತು. ರೇಶ್ಮಿ ಕಿಂಡಿಯಿಂದ ತಲೆ ಹೊರಗೆ ಹಾಕಿ ಎರೆಹೊಲದ ಹಕ್ಕಿಗಳನ್ನು ಎಣಿಸುವ ಹಾಗೆ ನೋಡುತ್ತಿತ್ತು.

ಹುನಗುಂದದಲ್ಲಿ ಅಂದು ಸಂತೆ. ಊರ ಮುಂದಿನ ಮನೆಗಳು ಕಂಡ ಕೂಡಲೆ ಹಜರತಬಿಯ ಕೈ ತಾನಾಗಿಯೇ ಹಗ್ಗವನ್ನು ಮಗ್ಗುಲಿಗೆ ಚಾಚಿತು. ಅಲ್ಲಿ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಎತ್ತುಗಳು ವಾಡಿಕೆಯಂತೆ ತಾವೇ ನಿಂತವು. ಅವಳು ಒಂದು ಗಳಿಗೆ ಆ ಬರಿದಾದ ಜಾಗವನ್ನು ನೋಡಿ, ಗಂಡನ ಹೆಸರಿನಲ್ಲಿ ದುವಾ ಹೇಳಿ, ಹಗ್ಗವನ್ನು ಮರಳಿ ಎಳೆದುಕೊಂಡು ಮುಂಗೈಗೆ ಎರಡು ಸುತ್ತು ಸುತ್ತಿದಳು. ಕಾಳಿನ ಚೀಲ, ಕುರಿ, ಬುಟ್ಟಿ ಹೊತ್ತ ಹೆಂಗಸರು ದಾರಿಯ ತುಂಬ ನೆರೆದಿದ್ದರು. ಗಾಡಿಯ ಮುಂದೆ ಕೂತ ಬಿಳಿ ಸೀರೆಯ ಮುದುಕಿಯನ್ನು ನೋಡಿ ಒಬ್ಬ ಎತ್ತಿದ ಬುಟ್ಟಿ ಇಳಿಸುವುದನ್ನೇ ಮರೆತ.

"ಏನ್ ನೋಡತೀರಿ?" ಎಂದಳು ಹಜರತಬಿ. "ಇಳಕಲ್ಲ ಸೀರಿ ಬಂದಾವ. ಹಾದಿ ಬಿಡ್ರಿ!"